ಮೂವತ್ತೆಂಟನೆಯ ಕುಚ್ಚು

ಮೇ ೧೪, ಮಂಗಳವಾರ. ಬಿಪಿ ೧೬೦/೧೦೦

ದಿನಾ ಬಿಪಿ ನೋಡಿ ಬರೆದಿಡಿ ಅಂದರು ಡಾಕ್ಟರು. ಸಿಟ್ಟು ಬಂದದ್ದನ್ನೂ ಬರೆಯಿರಿ, ಹೆಂಡತಿಯ ಮೇಲೆ ತೆಗೆಯುವುದಕ್ಕಿಂತ ಹಾಳೆಯ ಮೇಲೆ ತೆಗೆಯುವುದು ಒಳ್ಳೆಯದು ಅಂದರು. ಇದನ್ನು ಹೇಳಿದ್ದು ಮದಿನಾಬಿಯ ಎದುರಿಗೇ. ಅವಳು ದವಾಖಾನೆಯಿಂದ ಹೊರಗೆ ಬಂದವಳೇ ಗೆರೆಯಿಲ್ಲದ ಇನ್ನೂರು ಪುಟದ ಈ ನೋಟುಬುಕ್ಕು ತಗೊಂಡಳು. ನೂರು ಪುಟದ್ದು ಸಾಕಾಗಿತ್ತು ಅಂದೆ. "ನಿಮಗ ಸಾಲಂಗಿಲ್ರಿ" ಅಂದಳು.

ಸಿಟ್ಟು ಒಂದು: ನಾನು ನಿವೃತ್ತನಾಗಿ ಆರು ವಾರವಾಯಿತು. ಗೋಕಾಕ–ಹುಕ್ಕೇರಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದೆ. ಅಲ್ಲಿ ನಾನು ಸೀಟಿ ಊದಿದರೆ ಬಸ್ಸು ನಿಲ್ಲುತ್ತಿತ್ತು, ಊದಿದರೆ ಹೊರಡುತ್ತಿತ್ತು. ಮನೆಯಲ್ಲಿ ನಾನು ಏನು ಊದಿದರೂ ಏನೂ ಆಗುವುದಿಲ್ಲ.

ಸಿಟ್ಟು ಎರಡು: ಮುಂದಿನ ಕೋಣೆ. ಮಗಳು ಜೀನತಳ ಮದುವೆಯಾದಮೇಲೆ ಅದು ಖಾಲಿಯಾಗಿ ನನ್ನ ಕೋಣೆ ಆಗಬೇಕಿತ್ತು. ಆಗಿಲ್ಲ. ಮದಿನಾಬಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ಅಂಚಿನ ದಾರವನ್ನು ಹಿಡಿಹಿಡಿಯಾಗಿ ಗಂಟು ಹಾಕಿ ಗೊಂಡೆ ಬಿಡುವುದು, ಅಷ್ಟೇ. ಈ ದಾರದಾಟಕ್ಕೆ ಕಟ್ಟಿಗೆಯ ಸ್ಟ್ಯಾಂಡು, ಎರಡು ಟ್ಯೂಬ್‌ಲೈಟು, ಮತ್ತು ದಿನಕ್ಕೆ ಹತ್ತು ಹೆಂಗಸರು. ಬಂದವರೆಲ್ಲ ನನ್ನನ್ನು ನೋಡಿ "ಮದಿನಾಬಕ್ಕ ಇಲ್ರೇನ್ರಿ?" ಅನ್ನುತ್ತಾರೆ. ನಾನು ಇದ್ದೇನಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇವತ್ತು ಅವಳು ಮೂಡಲಗಿಗೆ ಹೋದಳು. ಅವಳ ತಂಗಿ ಗುಲ್ನಾಜಳಿಗೆ ಪಿತ್ತಕೋಶದ ಹರಳಿನ ಆಪರೇಷನ್. ಶನಿವಾರ ವಾಪಸು. ಹೋಗುವ ಮುಂಚೆ ಹಾಲು, ಗ್ಯಾಸು, ಗುಳಿಗೆ ಎಲ್ಲ ಹೇಳಿ, ಕೊನೆಗೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಸ್ಟ್ಯಾಂಡಿಗೆ ಕಟ್ಟಿದ ಬಿಳಿ ರೇಷ್ಮೆ ಸೀರೆಯನ್ನು ತೋರಿಸಿದಳು. ತುಕ್ಕಾನಟ್ಟಿಯ ಅನುರಾಧಾ ಎಂಬ ಹುಡುಗಿಯದು. ಅವರು ಬೌದ್ಧರು, ಅವರಲ್ಲಿ ಮದುಮಗಳು ಬಿಳಿ ಸೀರೆ ಉಡುತ್ತಾಳೆ. ಬುದ್ಧ ಪೂರ್ಣಿಮೆಯ ದಿನ, ಇಪ್ಪತ್ತಮೂರಕ್ಕೆ ಮದುವೆ. ಹುಡುಗಿಗೆ ತಾಯಿ ಇಲ್ಲ, ಬೆಳೆಸಿದವಳು ಅಜ್ಜಿ ಸಾವಂತ್ರೆವ್ವ. ಆ ಅಜ್ಜಿ ಬೆಳಗಾವಿಯ ನಾಲ್ಕು ಅಂಗಡಿ ಸುತ್ತಿ, ಒಂದೊಂದು ಸೀರೆಯನ್ನೂ ಬಿಸಿಲಿಗೆ ಹಿಡಿದು ನೋಡಿ ಇದನ್ನು ಆರಿಸಿದ್ದಂತೆ.

"ಮುಟ್ಟಬ್ಯಾಡ್ರಿ, ಊದಬ್ಯಾಡ್ರಿ, ಹತ್ರ ನಿಂತು ಸೀನಬ್ಯಾಡ್ರಿ" ಅಂದಳು. ನಾನೇನು ಸಣ್ಣ ಹುಡುಗನೇ?

ಮೇ ೧೫, ಬುಧವಾರ. ಬಿಪಿ ನೋಡಿಲ್ಲ, ಧೈರ್ಯವಿಲ್ಲ

ಆದದ್ದನ್ನು ಆದಹಾಗೆ ಬರೆಯುತ್ತೇನೆ. ಬಸ್ಸಿನಲ್ಲಿ ಅಪಘಾತವಾದರೆ ಕಂಡಕ್ಟರನ ಹೇಳಿಕೆ ಹೀಗೆಯೇ ಇರಬೇಕು.

ಸಂಜೆ ಏಳಕ್ಕೆ ಗಾಳಿಮಳೆ ಎದ್ದಿತು. ಕರೆಂಟು ಹೋಯಿತು. ಫೋನಿನಲ್ಲಿ ಚಾರ್ಜು ಇರಲಿಲ್ಲ. ಶೋಕೇಸಿನಲ್ಲಿ ನನ್ನ ಬೀಳ್ಕೊಡುಗೆಯ ಕೇಕಿನ ಮೇಲಿದ್ದ ಎರಡು ಕೆಂಪು ಮೇಣದ ಬತ್ತಿಗಳಿದ್ದವು, ಒಂದು ಆರು, ಒಂದು ಸೊನ್ನೆ. ಆರನ್ನು ಹಚ್ಚಿದೆ. ಮುಂದಿನ ಕೋಣೆಯ ಕಿಟಕಿ ತೆರೆದಿರಬಹುದು, ಸೀರೆಗೆ ಮಳೆ ಹೊಡೆಯಬಹುದು ಅನ್ನಿಸಿತು. ಸದುದ್ದೇಶದಿಂದಲೇ ಒಳಗೆ ಹೋದೆ. ಇದನ್ನು ಅಡಿಗೆರೆ ಹಾಕಿ ಬರೆದಿದ್ದೇನೆ.

ಕಿಟಕಿ ಹಾಕಿಯೇ ಇತ್ತು. ಅಲ್ಲಿಗೆ ತಿರುಗಿ ಬರಬಹುದಿತ್ತು. ಆದರೆ ಸೆರಗಿನ ಅಂಚಿಗೆ ಕುಚ್ಚುಗಳು ಸಾಲಾಗಿ ಕೂತಿದ್ದವು. ಸಾಲಾಗಿ ಕೂತದ್ದು ಏನು ಕಂಡರೂ ನನಗೆ ಎಣಿಸಬೇಕು. ಮದುವೆಮನೆಯ ಊಟದ ಪಂಕ್ತಿ ಎಣಿಸುತ್ತೇನೆ, ತಂತಿಯ ಮೇಲಿನ ಗುಬ್ಬಿ ಎಣಿಸುತ್ತೇನೆ. ಟಿಕೆಟ್ ಮಷೀನು ಹಿಡಿಯುವ ಎಡಗೈಯಲ್ಲಿ ಬತ್ತಿ, ಬಲಗೈ ಬೆರಳಿನಿಂದ ಒಂದೊಂದೇ ಮುಟ್ಟುತ್ತ ನಡೆದೆ. ಐವತ್ತೆರಡಾದರೆ ಬಸ್ಸು ಫುಲ್ಲು ಎಂದುಕೊಳ್ಳುತ್ತಿದ್ದೆ. ಮೂವತ್ತೆಂಟಕ್ಕೆ ಬಂದಾಗ ಮಷೀನು ಬಾಗಿಸುವ ಹಾಗೆ ಎಡಗೈ ಬಾಗಿತು.

ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಮೂರು ಕುಚ್ಚು, ಮತ್ತು ಅವುಗಳ ಮೇಲೆ ನಾಲ್ಕು ಬೆರಳಗಲ ಸೀರೆ. ಹಾಲಿನಂಥ ಬಿಳಿಯ ಮೇಲೆ ಕುಂಕುಮದಂಥ ಕೆಂಪು. ಗಾಬರಿಯಲ್ಲಿ ಅಂಗಿಯ ತುದಿಯಿಂದ ಒರೆಸಿಬಿಟ್ಟೆ. ಬಿಸಿ ಮೇಣ ಒರೆಸಿದರೆ ಹೋಗುವುದಿಲ್ಲ, ಪಕ್ಕದ ಸೀಟಿಗೂ ಹತ್ತುತ್ತದೆ. ಈಗ ಗೊತ್ತಾಯಿತು.

ಯಾ ಅಲ್ಲಾಹ್.

ಮೇ ೧೬, ಗುರುವಾರ. ಬಿಪಿ ೧೬೮/೧೦೨

ಫೋನಿನಲ್ಲಿ ಇದಕ್ಕೆಲ್ಲ ವಿಡಿಯೋ ಇವೆ. ಒಬ್ಬಾಕೆ ಹೇಳಿದಳು, ಮೇಣವನ್ನು ತಣ್ಣಗೆ ಮಾಡಿರಿ, ಗಟ್ಟಿಯಾಗಿ ಪುಡಿಯಾಗುತ್ತದೆ. ಬುದ್ಧಿವಂತೆ. ಸೀರೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ. ಅಲ್ಲಿ ವಾರದ ಮಟನ್ ಇತ್ತು. ಅದನ್ನು ಹೊರಗಿಟ್ಟೆ. ಸೀರೆಯ ಧ್ಯಾನದಲ್ಲಿ ಮಟನ್ ಮರೆತೆ. ಬೆಕ್ಕು ಮರೆಯಲಿಲ್ಲ.

ಸೀರೆ ಖಾನೆಯಲ್ಲಿದ್ದಾಗಲೇ ಮದಿನಾಬಿಯ ಫೋನು ಬಂತು. ಗುಲ್ನಾಜಳ ಆಪರೇಷನ್ ಚೆನ್ನಾಗಿ ಆಯಿತಂತೆ. ಊಟ ಮಾಡಿದಿರಾ, ಗುಳಿಗೆ ತಗೊಂಡಿರಾ, ಸೀರೆ ಹೇಗಿದೆ ಎಂದು ಕೇಳಿದಳು. ತಣ್ಣಗೆ ಇದೆ ಅಂದೆ. ಸುಳ್ಳಲ್ಲ.

ಮಧ್ಯಾಹ್ನ ತೆಗೆದೆ. ಖರೆ, ಮೇಣ ಗಟ್ಟಿಯಾಗಿತ್ತು. ಚಾಕು ಬೇಡ, ಮೊಂಡು ಅಂಚು ಬೇಕು ಅಂದಿದ್ದಳು ಆಕೆ. ಇಲಾಖೆಯ ನನ್ನ ಹಳೆಯ ಗುರುತಿನ ಚೀಟಿ ಇತ್ತು, ಅವಧಿ ಮುಗಿದದ್ದು. ಅದರ ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಕೆಂಪು ಚೂರುಗಳು ಟಪಟಪ ಎದ್ದವು. ನಿವೃತ್ತಿಯಾದ ಮೇಲೆ ಆ ಚೀಟಿಯಿಂದ ಆದ ಮೊದಲ ಉಪಕಾರ.

ಮೇಣ ಎಂಬತ್ತು ಭಾಗ ಹೋಯಿತು. ಬಟ್ಟೆಯೊಳಗೆ ಇಳಿದ ಜಿಡ್ಡು ಮತ್ತು ಗುಲಾಬಿ ಬಣ್ಣ ಉಳಿದಿವೆ. ನಾಳೆ ಇಸ್ತ್ರಿ. ಎರಡು ಕಾಗದದ ನಡುವೆ ಇಟ್ಟು ಬಿಸಿ ಮಾಡಿದರೆ ಕಾಗದವೇ ಜಿಡ್ಡು ಕುಡಿಯುತ್ತದಂತೆ. ಇದೊಂದು ಅಂಥ ದೊಡ್ಡ ಕೆಲಸವಲ್ಲ. ಹೆಂಗಸರು ಸುಮ್ಮನೆ ಏನೇನೋ ಮಾಡಿ ದೊಡ್ಡದು ಮಾಡುತ್ತಾರೆ.

ಮೇ ೧೭, ಶುಕ್ರವಾರ. ಬಿಪಿ ೧೭೮/೧೧೦

ಕಾಗದ ಅಂದಳೇ ಹೊರತು ಎಂಥ ಕಾಗದ ಎಂದು ವಿಡಿಯೋದಾಕೆ ಹೇಳಲಿಲ್ಲ. ಹೇಳಿರಬಹುದು, ನಾನು ಆ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಹುಡುಕುತ್ತಿದ್ದೆ. ನಿನ್ನೆಯ ಪೇಪರು ಹಾಸಿದೆ, ಮೇಲೆ ಸೀರೆ, ಅದರ ಮೇಲೆ ಇನ್ನೊಂದು ಪುಟ. ಚೆನ್ನಾಗಿ ಒತ್ತಿದೆ. ಪೇಪರು ನಿಜವಾಗಿಯೂ ಜಿಡ್ಡು ಕುಡಿಯಿತು. ಸಂತೋಷದಿಂದ ಎತ್ತಿ ನೋಡಿದರೆ ಸೀರೆಯಲ್ಲಿ ಒಬ್ಬ ಮನುಷ್ಯ.

ಮೀಸೆ, ಕನ್ನಡಕ, ತಲೆಗೆ ಟೋಪಿ. ಕೆಳಗೆ ಉಲ್ಟಾ ಅಕ್ಷರಗಳು. ಕನ್ನಡಿ ಹಿಡಿದು ಓದಿದೆ. ಭಾವಪೂರ್ಣ ಶ್ರದ್ಧಾಂಜಲಿ. ಪೇಪರು ತಿರುಗಿಸಿ ನೋಡಿದರೆ ಯಾರೋ ನಿವೃತ್ತ ತಲಾಠಿಯವರು, ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದವರು, ತೀರಿಕೊಂಡು ಮೂರು ವರ್ಷವಾಯಿತಂತೆ. ಸಜ್ಜನರ ಮುಖ. ಮದುಮಗಳ ಸೆರಗಿನಿಂದ ನನ್ನನ್ನೇ ನೋಡುತ್ತಿದ್ದರು.

ಜುಮ್ಮಾ ನಮಾಜಿಗೆ ಹೋದೆ. ಅಲ್ಲಿಯೂ ತಲಾಠಿಯವರ ನೆನಪೇ. ಅವರಿಗೂ ಶಾಂತಿ ಸಿಗಲಿ, ನನಗೂ ಸಿಗಲಿ ಎಂದು ಬೇಡಿಕೊಂಡೆ.

ನನಗೆ ನನ್ನ ಚಿಂತೆ ಇಲ್ಲ. ಮದಿನಾಬಿ ಬೈದರೆ ಬೈಯಲಿ, ರೂಢಿಯಿದೆ. ಆದರೆ ಮದುವೆಗೆ ಆರು ದಿನ. ಆ ಅಜ್ಜಿ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುವವಳು. ಮದಿನಾಬಕ್ಕನ ಮನೆಗೆ ಕೊಟ್ಟರೆ ಸೀರೆ ಹಾಳಾಗುತ್ತದೆ ಎಂದು ತುಕ್ಕಾನಟ್ಟಿಯಲ್ಲಿ ಒಬ್ಬಳು ಅಂದರೆ ಸಾಕು, ಗೋಕಾಕದಲ್ಲಿ ಹತ್ತು ಜನ ಅನ್ನುತ್ತಾರೆ. ಅವಳು ಹನ್ನೆರಡು ವರ್ಷ ಕೂತು ಗಳಿಸಿದ ಹೆಸರು.

ನಾಳೆ ಹುಕ್ಕೇರಿಗೆ ಹೋಗುತ್ತೇನೆ. ಅಲ್ಲಿ ಮಾಯಪ್ಪನ ಡ್ರೈಕ್ಲೀನಿಂಗ್ ಅಂಗಡಿ ಇದೆ. ಅಜ್ಜನ ಕಾಲದಿಂದ ಬಟ್ಟೆ ಒಗೆದ ಮನೆತನ. ಇಪ್ಪತ್ತು ವರ್ಷ ನನ್ನ ಬಸ್ಸಿನ ಕಾಯಂ ಪ್ಯಾಸೆಂಜರ್. ಗುಟ್ಟಾಗಿ ಹೋಗಿ, ಗುಟ್ಟಾಗಿ ಬರುತ್ತೇನೆ. ಸಂಜೆಯೇ ಅವಳು ಬರುತ್ತಾಳೆ, ದೇವರೇ ಗತಿ.

ಮೇ ೧೮, ಶನಿವಾರ. ಬಿಪಿ ೧೬೪/೧೦೦

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಊರೂರಿನ ಗುಟ್ಟು ಕೇಳಿದವನು ನಾನು. ಬಸ್ಸಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಎಂಟೂವರೆಯ ಬಸ್ಸು ಹತ್ತಿದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಗಂಡಸರು ಲೆಕ್ಕಕ್ಕೆ ಮಾತ್ರ. ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಾಜೂಕ್ಕೆ ಮೇಲವಂಕಿಯ ಸಾತವ್ವ. ಹುಕ್ಕೇರಿಗೆ ಮಗಳ ಮನೆಗೆ ವಾರಕ್ಕೊಮ್ಮೆ ಹೋಗುವವಳು. ಚೀಲದಲ್ಲಿ ಏನು ಅಂದಳು. ಏನಿಲ್ಲ ಅಂದೆ. ಏನಿಲ್ಲದ ಚೀಲವನ್ನು ಯಾರೂ ಹೀಗೆ ಹಿಡಿಯುವುದಿಲ್ಲ ಅಂದಳು. ಘಟಪ್ರಭಾ ಬರುವುದರೊಳಗೆ ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಹೇಳಿದ್ದು ಅವಳಿಗೊಬ್ಬಳಿಗೇ. ಆದರೆ ಅವಳಿಗೆ ಕಿವಿ ಸ್ವಲ್ಪ ಮಂದ, ನಾನು ಗಟ್ಟಿಯಾಗಿ ಹೇಳಬೇಕಾಯಿತು.

ಆಮೇಲೆ ಇಡೀ ಬಸ್ಸು ಡಾಕ್ಟರಾಯಿತು. ಒಬ್ಬಳು ಸೀಮೆಎಣ್ಣೆ ಅಂದಳು. ಇನ್ನೊಬ್ಬಳು ಜೋಳದ ಹಿಟ್ಟು ಬಿಸಿ ಮಾಡಿ ಹಚ್ಚಿ ಅಂದಳು. ಮೂರನೆಯವಳು ರೇಷ್ಮೆಗೆ ಜೋಳದ ಹಿಟ್ಟು ಹಚ್ಚಿದರೆ ರೊಟ್ಟಿಯಾಗುತ್ತದೆ ಎಂದು ಅವಳ ಮೇಲೆ ಹರಿಹಾಯ್ದಳು. ಸೀರೆ ತೋರಿಸಿ ಅಂದರು. ತೋರಿಸಿದೆ. ತಲಾಠಿಯವರು ಡ್ರೈವರನ ಹಿಂದಿನ ಸೀಟಿನಿಂದ ಕೊನೆಯ ಸೀಟಿನವರೆಗೆ ಹೋಗಿ ಬಂದರು. ಕೊನೆಯ ಸೀಟಿನ ಒಬ್ಬ ಮುದುಕಿ ಕೈ ಮುಗಿದಳಂತೆ.

ಯಾರಿಗೂ ಹೇಳಬೇಡಿ, ನನ್ನ ಮನೆಯಾಕೆಗೆ ಗೊತ್ತಾಗಬಾರದು ಎಂದು ಇಳಿಯುವಾಗ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ್ದೇನೆ.

ಮಾಯಪ್ಪ ಸೀರೆಯನ್ನು ಬೆಳಕಿಗೆ ಬಿಡಿಸಿದ. ಮೇಣ, ಬಣ್ಣ, ಮಸಿ ಮೂರೂ ಬೇರೆ ಬೇರೆ ಜಾತಿಯ ಕಲೆ, ಒಂದೊಂದಕ್ಕೂ ಒಂದೊಂದು ಉಪಾಯ ಅಂದ. ಮದುವೆಯ ಸೀಸನ್, ಅಂಗಡಿಯಲ್ಲಿ ಕೋಟುಗಳ ಗುಡ್ಡೆ ಬಿದ್ದಿತ್ತು. ಸೋಮವಾರ ಬನ್ನಿ, ಆದರೆ ಕೈ ನಿಮ್ಮದೇ, ಬಾಯಿ ಮಾತ್ರ ನನ್ನದು ಅಂದ. ಅವನ ಕೈ ಈಗ ನಡುಗುತ್ತದೆ, ರೇಷ್ಮೆಯ ಕಲೆ ಮುಟ್ಟುವುದಿಲ್ಲವಂತೆ. ಒಂದು ಸಣ್ಣ ಶೀಸೆಯಲ್ಲಿ ಪೆಟ್ರೋಲಿನ ವಾಸನೆಯ ದ್ರವ ಕೊಟ್ಟು, ಭಾನುವಾರ ಬೇರೆ ಬಟ್ಟೆಯ ಮೇಲೆ ರೂಢಿ ಮಾಡಿಕೊಳ್ಳಿ ಅಂದ.

"ತಿಕ್ಕಬ್ಯಾಡ್ರಿ ನಬಿಲಾಲಣ್ಣಾ. ಒತ್ತರಿ. ತಿಕ್ಕಿದ್ರ ರೇಷ್ಮಿ ಸಿಟ್ಟಿಗೇಳತೈತಿ."

ಸಂಜೆ ಎದೆ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದೆ. ಮದಿನಾಬಿಯ ಬದಲು ಅವಳ ಫೋನು ಬಂತು. ಗುಲ್ನಾಜಳಿಗೆ ಇನ್ನೂ ನಿಶ್ಶಕ್ತಿಯಂತೆ, ಮಂಗಳವಾರ ಬರುತ್ತಾಳಂತೆ. ಅಲ್ಲಾಹು ದೊಡ್ಡವನು. ನಾದಿನಿಯ ನಿಶ್ಶಕ್ತಿಗೆ ಸಂತೋಷಪಟ್ಟದ್ದು ತಪ್ಪು, ಗೊತ್ತಿದೆ. ಅವಳಿಗೆ ಬೇಗ ಆರಾಮಾಗಲಿ. ಮಂಗಳವಾರ ಆಗಲಿ.

ಮೇ ೧೯, ಭಾನುವಾರ. ಬಿಪಿ ೧೫೨/೯೬

ಮನೆಯಲ್ಲಿ ಬಿಳಿ ರೇಷ್ಮೆ ಇದ್ದದ್ದು ಒಂದೇ. ಬೀಳ್ಕೊಡುಗೆಯಲ್ಲಿ ನನಗೆ ಹೊದಿಸಿದ ಶಾಲು. ಅದರ ಮೇಲೆ ಸೊನ್ನೆಯ ಬತ್ತಿಯನ್ನು ಹಚ್ಚಿ ಹನಿಸಿದೆ. ಮೊದಲ ಹನಿಯನ್ನು ಕಣ್ಣು ಮುಚ್ಚಿಕೊಂಡು ಬೀಳಿಸಿದೆ. ಆರನೆಯ ಹನಿಗೆ ರೂಢಿಯಾಯಿತು.

ಮೊದಲನೆಯದನ್ನು ತಿಕ್ಕಿದೆ, ಶಾಲು ಎಳೆ ಬಿಟ್ಟು ಪಿಸಿಯಿತು. ಎರಡನೆಯದಕ್ಕೆ ಇಸ್ತ್ರಿ ಬಿಸಿಯಾಗಿ ಹಳದಿ ಬಿತ್ತು. ಮೂರನೆಯದಕ್ಕೆ ದ್ರವ ಒಣಗುವ ಮೊದಲೇ ಇಸ್ತ್ರಿ ಇಡಲು ಹೋದೆ, ಅದು ಹತ್ತಿ ಉರಿಯುವ ಪದಾರ್ಥ ಎಂದು ಮಾಯಪ್ಪ ಹೇಳಿದ್ದು ಸರಿಯಾದ ಹೊತ್ತಿಗೆ ನೆನಪಾಯಿತು. ನಾಲ್ಕನೆಯದು ಅರ್ಧ ಹೋಯಿತು. ಐದನೆಯದು ಹೋಯಿತು. ಆರನೆಯದು ಎಲ್ಲಿತ್ತು ಎಂದು ನನಗೇ ಸಿಗಲಿಲ್ಲ. ಒತ್ತುವುದರಲ್ಲಿ ಒಂದು ಲಯವಿದೆ. ಹೊರಗಿನಿಂದ ಒಳಗೆ ಬರಬೇಕು, ಪ್ರತಿ ಸಲ ಕಾಗದ ಬದಲಿಸಬೇಕು, ಅವಸರ ಮಾಡಬಾರದು. ಕಾಗದ ಅಚ್ಚಿಲ್ಲದ್ದು ಬೇಕು, ಹಾಗಾಗಿ ಈ ನೋಟುಬುಕ್ಕಿನಿಂದಲೇ ಹರಿದೆ. ಇನ್ನು ಮೇಲೆ ಸಣ್ಣ ಅಕ್ಷರದಲ್ಲಿ ಬರೆಯಬೇಕು.

ನಡುವೆ ಇಬ್ಬರು ಹೆಂಗಸರು ಬಂದರು. ಮದಿನಾಬಕ್ಕ ಇಲ್ಲವೇ ಎಂದು ಕೇಳಿದರು. ಇಲ್ಲ, ನಾನಿದ್ದೇನೆ, ಸೀರೆ ತೋರಿಸಿ ಅಂದೆ. ಒಬ್ಬಳು ನೀಲಿ ಸೀರೆಗೆ ಬಂಗಾರದ ದಾರ ಬೇಕು ಅಂದಳು. ಅಂಚಿನಲ್ಲಿ ಬೆಳ್ಳಿ ಇದೆ, ಬಂಗಾರ ಹಾಕಿದರೆ ಜಗಳವಾಡುತ್ತದೆ ಅಂದೆ. ಯೋಚನೆ ಮಾಡಿ ಹೂಂ ಅಂದಳು. ನಮ್ಮಲ್ಲಿ ಹತ್ತು ದಿನ ಹಿಡಿಯುತ್ತದೆ, ಅವಸರದವರು ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದೆ. ಬಂದವರು ಕೂಡುವುದಕ್ಕೆ ಆ ಕೋಣೆಯಲ್ಲಿ ಒಂದು ಕುರ್ಚಿಯೂ ಇಲ್ಲ. ನನ್ನ ಟಿವಿಯ ಕುರ್ಚಿಯನ್ನು ಅಲ್ಲಿಗೆ ಹಾಕಿದ್ದೇನೆ.

ಮೇ ೨೦, ಸೋಮವಾರ

ಬೆಳಿಗ್ಗೆ ಎಂಟೂವರೆಗೆ ಬಸ್ಸು ಹತ್ತಿದರೆ ಕಂಡಕ್ಟರು ಮೊದಲು ಕೇಳಿದ್ದೇ ತಲಾಠಿಯವರು ಹೇಗಿದ್ದಾರೆ ಎಂದು.

ಮಾಯಪ್ಪನ ಅಂಗಡಿಯಲ್ಲಿ ಹತ್ತರಿಂದ ನಾಲ್ಕರವರೆಗೆ. ಕೆಳಗೆ ಬಿಳಿ ಪಂಚೆ ಹಾಸಿ, ಸೆರಗನ್ನು ಬೋರಲು ಹಾಕಿ, ಹಿಂದಿನಿಂದ ಒತ್ತಿದೆ. ಮೊದಲು ಜಿಡ್ಡು. ಆಮೇಲೆ ಮಸಿ. ಹನ್ನೆರಡಕ್ಕೆ ತಲಾಠಿಯವರ ಮೀಸೆ ಹೋಯಿತು. ಊಟದ ಹೊತ್ತಿಗೆ ಟೋಪಿ ಹೋಯಿತು. ಕಣ್ಣು ಮಾತ್ರ ಬಹಳ ಹೊತ್ತು ಹೋಗಲಿಲ್ಲ. ಕನ್ನಡಕ ಹೋದ ಮೇಲೂ ಎರಡು ಚುಕ್ಕಿ ನನ್ನನ್ನು ನೋಡುತ್ತಲೇ ಇದ್ದವು. ಅವರಿಗೆ ಮನಸ್ಸಿನಲ್ಲೇ ಸಲಾಮು ಹೇಳಿ ಒತ್ತಿದೆ. ನಾಲ್ಕು ದಿನದ ಸಹವಾಸ, ಬೇಸರವಾಯಿತು.

ಮಾಯಪ್ಪನ ಫೋನಿನದೇ ಒಂದು ಕಿರಿಕಿರಿ. ಗಳಿಗೆಗೊಮ್ಮೆ ಬಾರಿಸುತ್ತಿತ್ತು, ಅವನು ಎದ್ದು ಹೊರಗೆ ಹೋಗಿ "ಹೂಂ ತಂಗಿ, ಹೂಂ ತಂಗಿ" ಅನ್ನುತ್ತಿದ್ದ. ಯಾರೋ ಗಿರಾಕಿಯಂತೆ, ಬೆಳಿಗ್ಗೆಯಿಂದ ಐದು ಸಲ. ಇಂಥ ಅನುಮಾನದ ಗಿರಾಕಿಗಳಿದ್ದರೆ ಕೆಲಸ ಹೇಗೆ ಮಾಡುವುದು ಎಂದು ಬೈದೆ. ಅವನು ನಕ್ಕ. ಬಣ್ಣ ತೆಗೆಯುವಾಗ ಅವನಿಗೂ ಒಂದು ಹೊತ್ತು ಉಪಾಯ ತೋಚಲಿಲ್ಲ. ಫೋನು ಮುಗಿಸಿ ಒಳಗೆ ಬಂದವನು, ಬಿಳಿ ವಿನೆಗರಿಗೆ ನೀರು ಬೆರೆಸಿ ಹತ್ತಿಯಿಂದ ಒತ್ತಿ ನೋಡೋಣ, ರೇಷ್ಮೆಗೆ ಅದು ನಡೆಯುತ್ತದೆ ಅಂದ. ನಡೆಯಿತು. ಗುಲಾಬಿ ತೆಳುವಾಗಿ, ಇನ್ನೂ ತೆಳುವಾಗಿ, ಕೊನೆಗೆ ಹೋಯಿತು.

ನಾಲ್ಕಕ್ಕೆ ಇಬ್ಬರೂ ಸೀರೆಯನ್ನು ಬಿಸಿಲಿಗೆ ಹಿಡಿದೆವು. ಏನೂ ಇಲ್ಲ. ಮಾಯಪ್ಪ ನನ್ನ ಬೆನ್ನು ತಟ್ಟಿದ. ನನಗೆ ಅಳು ಬಂತು. ವಾಸನೆಗೆ ಕಣ್ಣೀರು ಬಂತು ಅಂದೆ.

ಮೂರು ಕುಚ್ಚು ಮಾತ್ರ ಉಳಿದಿವೆ. ದಾರದೊಳಗೆ ಮೇಣ ಹೊಕ್ಕಿದೆ, ಹೋಗುವುದಿಲ್ಲ, ಕತ್ತರಿಸಿ ಹೊಸದು ಕಟ್ಟಬೇಕು.

ಮೇ ೨೧, ಮಂಗಳವಾರ

ದಾರದಾಟ ಎಂದು ಬರೆದಿದ್ದೆನಲ್ಲ, ಅದನ್ನು ಬರೆದವನ ಕೈಗೆ ಇವತ್ತು ದಾರ ಕೊಟ್ಟು ಕೂಡಿಸಿದ್ದರೆ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಐದಕ್ಕೆ ಕೂತೆ. ಅವಳ ಒಂದು ಹಳೆಯ ಮಾದರಿ ಕುಚ್ಚನ್ನು ಬಿಚ್ಚಿ ನೋಡಿದೆ. ಹದಿನಾರು ಎಳೆ, ನಡುವೆ ಮಡಚಿ, ಕುತ್ತಿಗೆಗೆ ಆರು ಸುತ್ತು, ಸುತ್ತಿನೊಳಗೇ ತುದಿ ಮುಚ್ಚುವ ಗಂಟು. ಗಂಟು ಕಾಣಬಾರದು. ನನ್ನದು ಕಂಡಿತು. ಬಿಚ್ಚಿದೆ. ಮತ್ತೆ ಕಂಡಿತು. ಒಂದು ಕುಚ್ಚಿಗೆ ಎರಡು ಗಂಟೆ ಹಿಡಿಯಿತು. ಇಂಥವನ್ನು ಅವಳು ಒಂದು ಸೀರೆಗೆ ಎಪ್ಪತ್ತು ಕಟ್ಟುತ್ತಾಳೆ, ಅಡಿಗೆ ಮಾಡಿ, ನನ್ನ ಗುಳಿಗೆ ಎಣಿಸಿಟ್ಟು, ನನ್ನ ಮಾತನ್ನೂ ಕೇಳುತ್ತ. ಬೆನ್ನು ಹಿಡಿದಿದೆ. ಆ ಸ್ಟ್ಯಾಂಡು ಅವಳಿಗೆ ಇನ್ನೊಂದು ಗೇಣು ಎತ್ತರ ಇರಬೇಕಿತ್ತು. ಬಡಿಗೇರ ಉಮೇಶನಿಗೆ ಹೇಳಿ ಬಂದೆ.

ಸಂಜೆ ಬಂದಳು. ಕೈಕಾಲು ತೊಳೆದು ನೇರ ಆ ಕೋಣೆಗೆ ಹೋದಳು. ಕುರ್ಚಿಯನ್ನು ನೋಡಿದಳು. ಸೆರಗಿನ ಮೇಲೆ ಅಂಗೈ ಆಡಿಸುತ್ತ ಬಂದಳು. ಕಲೆ ಇದ್ದ ಜಾಗ ದಾಟಿದಳು. ನನ್ನ ಉಸಿರು ಇಳಿಯಿತು. ಕೈ ಕುಚ್ಚಿನ ಸಾಲಿಗೆ ಬಂದು ನಿಂತಿತು.

"ಇವು ಮೂರು ನನ್ನ ಕೈಯಾವಲ್ಲ" ಅಂದಳು.

ಹೇಳಿದೆ. ಬತ್ತಿ, ಎಣಿಕೆ, ಫ್ರಿಜ್ಜು, ಮಟನ್, ತಲಾಠಿ, ಶಾಲು, ಮಾಯಪ್ಪ, ಎಲ್ಲ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ತಲಾಠಿಯವರ ಸುದ್ದಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಗಾಬರಿಯಾಗಿರಬೇಕು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು, ಇದನ್ನು ಸಾವಂತ್ರೆವ್ವನಿಗೆ ಹೇಳುವವರು ಯಾರು ಎಂದು.

ಕಾಣದ ಕಲೆಯನ್ನು ಯಾಕೆ ಹೇಳಬೇಕು, ಮದುವೆಯ ಹೊತ್ತಿನಲ್ಲಿ ಮುದುಕಿಯ ಮನಸ್ಸು ಯಾಕೆ ಕೆಡಿಸಬೇಕು ಅಂದೆ. ನನ್ನ ವಾದ ಚೆನ್ನಾಗಿಯೇ ಇತ್ತು.

"ಬಟ್ಟಿ ಅವರದು. ಬಟ್ಟಿಗಿ ಆದದ್ದೂ ಅವರದ" ಅಂದಳು. "ನಾಳೆ ನೀವ ಕೊಟ್ಟು ಬರ್ರಿ."

ಚಹಾ ಮಾಡಲು ಹೋದಳು. ನನ್ನ ಮೂರು ಕುಚ್ಚುಗಳನ್ನು ಬಿಚ್ಚಿ ಕಟ್ಟುತ್ತಾಳೆ ಎಂದುಕೊಂಡಿದ್ದೆ, ಬಿಚ್ಚಲಿಲ್ಲ. ದಣಿದು ಬಂದಿದ್ದಾಳೆ, ಮರೆತಿರಬೇಕು.

ಮೇ ೨೨, ಬುಧವಾರ

ತುಕ್ಕಾನಟ್ಟಿಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮನೆಯ ಮುಂದೆ ಹಂದರ ಹಾಕಿದ್ದರು. ಸಾವಂತ್ರೆವ್ವ ಹೊರಸಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಾತ್ರ ಸೂಜಿ. ಹುಡುಗಿ ಅನುರಾಧಾ ನೀರು ತಂದು ಕೊಟ್ಟಳು. ಆ ಮುಖ ನೋಡಿದ ಮೇಲೆ ಜೋಡಿಸಿದ ಮಾತೆಲ್ಲ ಹೋಯಿತು. ನೀರು ಕುಡಿಯದೆ ನಿಂತೇ ಹೇಳಿದೆ. ನನ್ನ ಕೈಯಿಂದ ಮೇಣ ಬಿತ್ತು, ಮದಿನಾಬಿಯ ತಪ್ಪು ಏನೂ ಇಲ್ಲ, ಅವಳು ಊರಲ್ಲೇ ಇರಲಿಲ್ಲ. ತೆಗೆದಿದ್ದೇನೆ. ಮೂರು ಕುಚ್ಚು ನಾನು ಕಟ್ಟಿದವು, ಸೊಟ್ಟ ಇವೆ. ನಿಮಗೆ ಬೇಡ ಅನ್ನಿಸಿದರೆ ಈಗಲೇ ಬೆಳಗಾವಿಗೆ ಹೋಗಿ ಬೇರೆ ತರುತ್ತೇನೆ, ಸಂಜೆಯೊಳಗೆ ಬರುತ್ತೇನೆ.

ಅಜ್ಜಿ ಎದ್ದು ಸೀರೆಯನ್ನು ಬಿಸಿಲಿಗೆ ಹಿಡಿದಳು. ಈ ಕಡೆ, ಆ ಕಡೆ. ಎಲ್ಲಿ ಬಿದ್ದಿತ್ತು ಎಂದು ಕೇಳಿದಳು. ತೋರಿಸಿದೆ. ಮೂಗಿನ ಹತ್ತಿರ ತಂದು ನೋಡಿದಳು.

"ನನಗ ಗೊತ್ತೈತ್ರಿ ಕಂಡಕ್ಟರ ಸಾಹೇಬ್ರ" ಅಂದಳು. "ಆಯ್ತವಾರನ ಮದಿನಾಬಿ ಫೋನ ಹಚ್ಚಿ ಹೇಳ್ಯಾಳ. ಶನಿವಾರ ಬರಾಕ ಹೊಂಟಿದ್ಲಂತ. ಬಸ್ಸಿನ ಸುದ್ದಿ ಕಿವಿಗಿ ಬಿದ್ದಿಂದ ಚೀಲ ಕೆಳಗ ಇಟ್ಲಂತ. ನಮ್ಮ ಮನ್ಯಾವ್ರು ತಗ್ಯಾಕತ್ತಾರ, ಮಂಗಳವಾರ ತನಕ ತಡೀರಿ ಅಂದ್ಲು. ಹೋಗಲಿಲ್ಲಂದ್ರ ಏನ ಮಾಡ್ತಿಯವ್ವಾ ಅಂತ ಕೇಳಿದ್ನಿ. ಹೊಸಾದು ನಾ ತಂದಕೊಡ್ತೇನಿ, ಆದ್ರ ಹೋಗತೈತಿ, ಅವರು ಹಿಡದ ಕೆಲಸ ಬಿಡಂಗಿಲ್ಲ ಅಂದ್ಲು."

ಮತ್ತೆ ನನ್ನನ್ನು ಇಷ್ಟು ಹೊತ್ತು ಯಾಕೆ ಮಾತಾಡಲು ಬಿಟ್ಟಿರಿ ಎಂದು ಕೇಳಿದೆ.

"ನೀವು ಹೇಳತೀರೋ ಇಲ್ಲೋ ನೋಡಬೇಕಾಗಿತ್ತು" ಅಂದಳು. ಹುಡುಗಿಗೆ ಹೇಳಿ ಚಹಾ ತರಿಸಿದಳು. ಆ ಮೂರು ಕುಚ್ಚನ್ನು ಬೆರಳಿನಿಂದ ಎತ್ತಿ ನೋಡಿ, ಗಂಡಸಿನ ಕೈಗೆ ಇಷ್ಟು ಬಂದದ್ದೇ ದೊಡ್ಡದು, ಇರಲಿ ಬಿಡಿ ಅಂದಳು.

ಬಸ್ಸಿನಲ್ಲಿ ಇವತ್ತು ಯಾರೊಂದಿಗೂ ಮಾತಾಡಲಿಲ್ಲ. ಮೂವತ್ತೊಂದು ವರ್ಷ ತಪಾಸಣೆಯವರು ದಾರಿಯಲ್ಲಿ ಬಸ್ಸು ನಿಲ್ಲಿಸಿ ನನ್ನ ಚೀಲ ಸುರುವಿ ನೋಡಿದ್ದಾರೆ. ಕಳ್ಳತನ ಸಿಗಬಹುದು ಎಂದು ನಡೆದ ತಪಾಸಣೆ ನನಗೆ ಗೊತ್ತಿತ್ತು. ನಾನು ಸೋಲಬಾರದು ಎಂದು ಯಾರಾದರೂ ದೂರದಲ್ಲಿ ಕೂತು ಕಾಯುತ್ತಾರೆ ಎಂದು ಗೊತ್ತಿರಲಿಲ್ಲ. ಮಾಯಪ್ಪನ ಫೋನಿನ ಆ ತಂಗಿ ಯಾರೆಂದು ಘಟಪ್ರಭಾ ದಾಟಿದ ಮೇಲೆ ಹೊಳೆಯಿತು. ನಾನು ಅವಳನ್ನು ಅನುಮಾನದ ಗಿರಾಕಿ ಎಂದು ಬೈದಿದ್ದೆ.

ಮನೆಗೆ ಬಂದು ಕೇಳಿದೆ. ಎಲ್ಲ ಗೊತ್ತಿದ್ದೂ ಯಾಕೆ ಬರಲಿಲ್ಲ, ನೀನು ಬಂದಿದ್ದರೆ ಒಂದು ದಿನದಲ್ಲಿ ತೆಗೆಯುತ್ತಿದ್ದೆಯಲ್ಲ. ಅವಳು ನೀಲಿ ಸೀರೆಗೆ ಬೆಳ್ಳಿದಾರ ಅಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ಬಂದಿದ್ರ ನೀವು ಟಿವಿ ಮುಂದ ಕುಂತಿರತಿದ್ರಿ" ಅಂದಳು.

ಖರೆ. ದಾರದ ಇನ್ನೊಂದು ತುದಿ ಹಿಡಿಯಿರಿ ಅಂದಳು, ಹಿಡಿದೆ. ದಾರ ಸುತ್ತುತ್ತ, ನಾಳೆ ಮದುವೆಯಲ್ಲಿ ಬುದ್ಧನ ಮುಂದೆ, ಬಾಬಾಸಾಹೇಬರ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ ಅಂದಳು.

"ನೀವು ದೂರ ಕುಂಡರ್ರಿ."

ಮೇ ೨೩, ಗುರುವಾರ

ಕೊನೆಯ ಸಾಲಿನಲ್ಲಿ ಕೂತೆ. ಬತ್ತಿಗಳಿಗೂ ನನಗೂ ನಡುವೆ ಎಷ್ಟು ಸಾಲು ಎಂದು ಎಣಿಸಲಿಲ್ಲ, ಆಣೆ. ಅನುರಾಧಾ ಬಿಳಿ ಸೀರೆಯಲ್ಲಿ ಬಂದಾಗ ಎಲ್ಲರೂ ಅವಳ ಮುಖ ನೋಡಿದರು, ನಾನು ಸೆರಗು ನೋಡಿದೆ. ಸಾವಂತ್ರೆವ್ವ ಮದಿನಾಬಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ಬೀಗರ ಬಾಜೂಕ್ಕೆ ಕೂಡಿಸಿದಳು.

ಬುದ್ಧವಂದನೆ ಶುರುವಾಗುವ ಮೊದಲು ಮದಿನಾಬಿ ಆ ಕುರ್ಚಿ ಬಿಟ್ಟು ಎದ್ದಳು. ಎಲ್ಲರನ್ನೂ ದಾಟಿಕೊಂಡು ಹಿಂದೆ ಬಂದು ನನ್ನ ಪಕ್ಕ ಕೂತಳು.